ಡ್ರಮ್ಮುಗಳು ಇದ್ದಷ್ಟು ದಿನ

10 ಸೆಪ್ಟೆಂಬರ್ 2007, ಸೋಮವಾರ

ಮೊದಲಿಗೆ ಸಾರಿ. ಯಾರಿಗೆ ಅಂತ ಗೊತ್ತಿಲ್ಲ, ಆದರೂ ಸಾರಿ. ಬರೆದಿಡುವಂಥ ವಿಷಯ ನನ್ನ ಹತ್ತಿರ ಏನೂ ಇಲ್ಲ. ಹಾಸ್ಟೆಲ್‌ನಲ್ಲಿ ಶನಿವಾರ ಎಲ್ಲರೂ ಡೈರಿ ಬರೆಯಲೇಬೇಕಿತ್ತು, ಇಂಗ್ಲಿಷಿನಲ್ಲಿ. ಭಾನುವಾರ ವಾರ್ಡನ್ ಓದಿ ಟಿಕ್ ಹಾಕುತ್ತಿದ್ದರು. ವಾರ್ಡನ್‌ಗೆ ಕನ್ನಡ ಬರುತ್ತಿರಲಿಲ್ಲ. ಅದಕ್ಕೇ ಇದು ಕನ್ನಡದಲ್ಲಿ. ಈಗ ಓದುವವರೂ ಇಲ್ಲ, ಟಿಕ್ ಹಾಕುವವರೂ ಇಲ್ಲ ಅನ್ನುವುದು ಬರೆಯಲು ಕೂತ ಮೇಲೆ ನೆನಪಾಯಿತು.

ಇವತ್ತೂ ದಾಟಲಿಲ್ಲ.

ರೂಮು ಚಂದ್ರಾ ಲೇಔಟ್ ಕಡೆ. ಕಾಲೇಜು ಕೆಂಗೇರಿಯ ಆಚೆ. ಕೆಂಗೇರಿ ಬಸ್ಸು ನಿಲ್ಲುವುದು ರಸ್ತೆಯ ಎದುರು ಬದಿ, ನಾಗರಬಾವಿ ಕಡೆ. ನಡುವೆ ನಾಲ್ಕು ಸಾಲಿನ ರಸ್ತೆ. ಎರಡನೇ ಕ್ಲಾಸಿನಿಂದ ಹನ್ನೆರಡರವರೆಗೆ ಬೆಟ್ಟದ ಮೇಲಿನ ಹಾಸ್ಟೆಲ್‌ನಲ್ಲಿದ್ದವನು ನಾನು. ಗೇಟಿನ ಹೊರಗೆ ಹೋದರೆ ಇಬ್ಬಿಬ್ಬರ ಸಾಲು. ಪಿ.ಟಿ. ಸರ್ ಒಂದು ಸೀಟಿ ಊದಿದರೆ ನಿಲ್ಲಬೇಕು, ಇನ್ನೊಂದು ಊದಿದರೆ ನಡೆಯಬೇಕು. ಈಗ ಫುಟ್‌ಪಾತಿನ ಅಂಚಿನಲ್ಲಿ ನಿಂತರೆ ಕಿವಿ ಆ ಎರಡನೇ ಸೀಟಿಗೆ ಕಾಯುತ್ತದೆ. ಬಸ್ಸು, ಲಾರಿ, ಬೈಕು... ಯಾರೂ ಊದುವುದಿಲ್ಲ.

ಹಾಗಾಗಿ ಒಂದು ಉಪಾಯ. ನನ್ನ ಬದಿಯಲ್ಲೇ ಸುಂಕದಕಟ್ಟೆ ಬಸ್ಸು ಹತ್ತುವುದು. ಕೊನೇ ಸ್ಟಾಪಿನಲ್ಲಿ ಇಳಿಯದೆ ಕೂತಿರುವುದು. ಅದೇ ಬಸ್ಸು ತಿರುಗಿ ಕೆಂಗೇರಿಗೆ ಹೊರಡುತ್ತದೆ. ಪಾಸ್ ಇದೆ. ಯಾರೂ ಕೇಳುವುದಿಲ್ಲ. ಸ್ವಲ್ಪ ಹೊತ್ತಿನಲ್ಲಿ ನನ್ನ ರೂಮಿನ ಕಿಟಕಿಯನ್ನು ಎದುರು ಬದಿಯಿಂದ ನೋಡುತ್ತಾ ಕಾಲೇಜಿಗೆ ಹೋಗುತ್ತೇನೆ.

ಹದಿನೆಂಟು ವರ್ಷ ನನಗೆ. ಇದನ್ನು ಇಂಗ್ಲಿಷಿನಲ್ಲಿ ಬರೆಯಲು ಆಗುತ್ತಲೇ ಇರಲಿಲ್ಲ.

13 ಸೆಪ್ಟೆಂಬರ್

ಸಿಕ್ಕಿಬಿದ್ದೆ. ಸುಂಕದಕಟ್ಟೆಯಲ್ಲಿ ಕಂಡಕ್ಟರ್ ಹತ್ತಿರ ಬಂದು ನಿಂತ.

“ಯಾಕಪಾ, ಇದು ಲಾಸ್ಟ್ ಸ್ಟಾಪ್. ಇಳಿಯಂಗಿಲ್ಲೇನು?”

“ವಾಪಸ್ ಹೋಗಬೇಕು ಸಾರ್.”

“ವಾಪಸ್ ಹೋಗಾಂವ ಇಲ್ಲೀಮಟ ಯಾಕ ಬಂದಿ?”

“ಸೀಟು... ಸೀಟು ಸಿಗುತ್ತೆ ಅಂತ.”

“ಭಾಳ ಶಾಣ್ಯಾ ಅದೀ ಬಿಡು!” ಅಂತ ನಕ್ಕು, ಡ್ರೈವರ್‌ಗೂ ಕೂಗಿ ಹೇಳಿದ. ಹೆಸರು ಜಂಬಣ್ಣ ಅಂತ ಬ್ಯಾಡ್ಜಿನಲ್ಲಿತ್ತು.

ಇಡೀ ದಿನದಲ್ಲಿ ನಾನು ಆಡಿದ ಮಾತು ಅಷ್ಟೇ. ಕ್ಲಾಸಿನಲ್ಲಿ “ಪ್ರೆಸೆಂಟ್ ಮಿಸ್” ಬಿಟ್ಟರೆ.

15 ಸೆಪ್ಟೆಂಬರ್, ಗಣೇಶನ ಹಬ್ಬ

ಮೆಸ್ ರಜ. ಬ್ರೆಡ್ ತಿಂದೆ. ಮಧ್ಯಾಹ್ನ ಯಾರೋ ಬಾಗಿಲು ಬಡಿದರು. ಹೆದರಿದೆ — ಈ ಬಾಗಿಲನ್ನು ಇದುವರೆಗೆ ಯಾರೂ ಬಡಿದಿರಲಿಲ್ಲ.

ಓನರ್ ತಾಯಿ, ಬೋರಮ್ಮಜ್ಜಿ. ಮೆಟ್ಟಿಲು ಹತ್ತಿ ಏದುಸಿರು. ಕೈಯಲ್ಲಿ ಕಡುಬಿನ ತಟ್ಟೆ.

“ಏನ್ಲಾ ನಿನ್ನೆಸ್ರು?”

“ವಿಠ್ಠಲ.”

“ಇಟ್ಲಾ... ಅಬ್ಬದ್ ದಿನ ಬಾಗ್ಲಾಕ್ಕೊಂಡು ಕುಂತವ್ನೆ, ನೋಡು. ತಿನ್ನು. ತಟ್ಟೆ ತೊಳ್ದು ಕೆಳೀಕ್ ತತ್ತಾ.”

ಓನರ್ ಮೋಹನ್ ಕುಮಾರ್ ಅಂಕಲ್ ಕೆಳಗಿನ ಮನೆಯಲ್ಲಿದ್ದಾರೆ. ಮನೆಯ ಮುಂದೆ, ರಸ್ತೆಗೆ ಮುಖ ಮಾಡಿ ಅವರದೇ ಹಾರ್ಡ್‌ವೇರ್ ಅಂಗಡಿ. ಲೇಔಟ್ ಆಗುವ ಮೊದಲು ಇಲ್ಲೆಲ್ಲ ಇವರ ಹೊಲವಿತ್ತಂತೆ. ತಟ್ಟೆ ಕೊಡಲು ಹೋದಾಗ ಅಂಕಲ್, “ಊಟ ಆಯ್ತಾ? ನಾಚ್ಕೋಬೇಡಪ್ಪ, ಏನ್ ಬೇಕೋ ಕೇಳು” ಅಂದರು. ಕೇಳಬೇಕಾದ್ದು ಏನಿದೆ ಅಂತ ಮೆಟ್ಟಿಲ ಮೇಲೆ ನಿಂತು ಯೋಚಿಸಿದೆ.

4 ಅಕ್ಟೋಬರ್

ಮನೆಗೆ ಫೋನ್. ಪಪ್ಪ ಹಿಮಾಚಲದ ಡ್ಯಾಮ್ ಸೈಟಿನಲ್ಲಿ, ಅಮ್ಮನೂ ಅಲ್ಲೇ. “ಹಲೋ ವಿಠ್ಠೂ... ಹಲೋ... ಕೇಳ್ತಾ ಇದೆಯಾ...” ಕೇಳುತ್ತಿತ್ತು. ನನ್ನದು ಅವರಿಗೆ ಕೇಳುತ್ತಿರಲಿಲ್ಲ. ಆದರೂ ಮಾತಾಡಿದೆ. ಮೆಸ್ ಊಟ ಚೆನ್ನಾಗಿದೆ ಅಂತ ಸುಳ್ಳು.

ಸೈಬರ್ ಸೆಂಟರಿಗೆ ಹೋಗಿ ಆರ್ಕುಟ್ ನೋಡಿದೆ. ಹಾಸ್ಟೆಲ್‌ನಲ್ಲಿ ಪಕ್ಕದ ಮಂಚದ ಚಕ್ರಪಾಣಿಗೆ ಆಗಸ್ಟಿನಲ್ಲಿ ಹಾಕಿದ ಸ್ಕ್ರ್ಯಾಪಿಗೆ ರಿಪ್ಲೈ ಇಲ್ಲ. ಅವನ ಫೋಟೋಗಳಲ್ಲಿ ಹೊಸ ಹುಡುಗರು ಇದ್ದಾರೆ.

29 ಅಕ್ಟೋಬರ್, ಸೋಮವಾರ

ಸಿವಿಲ್ ಡಿಪಾರ್ಟ್‌ಮೆಂಟಿನ ಜಯದೇವಿ ಮಿಸ್ ಕ್ಲಾಸಿಗೆ ಬಂದರು. ನಮ್ಮ ರಸ್ತೆಯಲ್ಲಿ — ನನ್ನ ರೂಮಿನ ಮುಂದಿನ ರಸ್ತೆಯಲ್ಲೇ! — ಪಾಲಿಕೆಯ ಜೊತೆ ಸೇರಿ ಒಂದು ಪ್ರಯೋಗವಂತೆ. ನಾಲ್ಕು ಸಾಲನ್ನು ಎರಡಕ್ಕೆ ಇಳಿಸುತ್ತಾರೆ. ಎರಡೂ ಅಂಚಿನ ಸಾಲುಗಳನ್ನು ಡ್ರಮ್ಮು, ಮರಳಿನ ಮೂಟೆ ಇಟ್ಟು ಮುಚ್ಚಿ, ನಡೆಯುವವರಿಗೂ ಸೈಕಲ್‌ಗಳಿಗೂ ಬಿಡುತ್ತಾರೆ. ದಾಟುವ ಕಡೆ ನಡುವೆ ನಿಲ್ಲಲು ಒಂದು ಕಟ್ಟೆ. ಸಂಕ್ರಾಂತಿಯ ಹೊತ್ತಿಗೆ ಜನರನ್ನು ಕೇಳಿ ಇಡುವುದೋ ತೆಗೆಯುವುದೋ ತೀರ್ಮಾನ.

ಹಿಂದಿನ ಬೆಂಚಿನಿಂದ ಒಬ್ಬ: “ಮಿಸ್, ಜನ ಫ್ಲೈಓವರ್ ಕೇಳ್ತಾವ್ರೆ, ನೀವ್ ಇರೋ ರೋಡನ್ನೇ ಕಟ್ ಮಾಡ್ತೀರಾ?” ಎಲ್ಲರೂ ನಕ್ಕರು.

ಮಿಸ್ ನಗಲಿಲ್ಲ. “ನಿಮ್ಮಜ್ಜಿ ಕೈಲಿ ಆ ರೋಡ್ ದಾಟ್ಸು, ಆಮೇಲ್ ಬಂದು ಫ್ಲೈಓವರ್ ಕೇಳು. ಆ ಕಡೆ ಯಾರಿದ್ದೀರಾ? ವಾಲಂಟಿಯರ್ಸ್ ಬೇಕು.”

ಕೈ ಎತ್ತಿದ್ದೆ. ಎತ್ತಬೇಕು ಅಂತಲ್ಲ. ಪ್ರಶ್ನೆ ಕೇಳಿದರೆ, ಉತ್ತರ ಗೊತ್ತಿದ್ದರೆ ಕೈ ತಾನೇ ಮೇಲೇಳುತ್ತದೆ. ಹನ್ನೊಂದು ವರ್ಷದ ಅಭ್ಯಾಸ.

9 ನವೆಂಬರ್, ದೀಪಾವಳಿ. ಸಂಜೆ

ಟೆರೇಸಿನಲ್ಲಿ ಕೂತಿದ್ದೆ. ಅಜ್ಜಿ ದೀಪ ಇಡಲು ಬಂದರು. ಇಟ್ಟು ಹೋಗಲಿಲ್ಲ. ಎದುರು ಬದಿಯ ಒಂದು ಹಸಿರು ಬಣ್ಣದ ಮನೆಯನ್ನೇ ನೋಡುತ್ತಾ ನಿಂತರು. ಅಲ್ಲೂ ಟೆರೇಸಿನ ಮೇಲೆ ಒಬ್ಬರು ಮುದುಕಿ ದೀಪ ಇಡುತ್ತಿದ್ದರು.

“ಮುನಿತಾಯಿ ಅವ್ಳು. ನಮ್ ವಾರಗಿತ್ತಿ.”

ಅಣ್ಣ ತಮ್ಮಂದಿರಿಗೆ ಮದುವೆಯಾಗಿ ಒಂದೇ ಮನೆಗೆ ಬಂದವರಂತೆ ಇಬ್ಬರೂ. ಒಂದೇ ಒಲೆ. ಮಕ್ಕಳೂ ಒಟ್ಟಿಗೇ ಬೆಳೆದವು. ಆಮೇಲೆ ಭಾಗವಾಗಿ ಮುನಿತಾಯಮ್ಮನಿಗೆ ಆಚೆ ಬದಿ ಬಂತು. ಆಗ ನಡುವೆ ಇದ್ದದ್ದು ಗಾಡಿ ದಾರಿ. ಈ ಹಿತ್ತಿಲಿಂದ ಕೂಗಿದರೆ ಆ ಹಿತ್ತಿಲಿಗೆ ಕೇಳುತ್ತಿತ್ತು.

“ಈಗ ಹೋಗಲ್ವಾ ಅಜ್ಜಿ?”

“ಎಲ್ ಓಗೋದು? ರೋಡ್ ಮಾಡುದ್ರು... ಓಗೋದ್ ಬರೋದ್ ನಿಂತೋಯ್ತು. ಮೂರ್ ದೀವಳ್ಗೆ ಆಯ್ತು.”

ಅಂದರೆ ಈ ರಸ್ತೆಗೆ ಹೆದರುವವನು ನಾನೊಬ್ಬನೇ ಅಲ್ಲ. ಕೆಟ್ಟ ಯೋಚನೆ, ಆದರೂ ಸಮಾಧಾನವಾಯಿತು.

19 ನವೆಂಬರ್, ಸೋಮವಾರ

ಡ್ರಮ್ಮುಗಳು ಬಂದವು. ಕೆಂಪು ಬಿಳಿ ಪಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ರಸ್ತೆ ಯಾರದೋ ಅಂಗಿ ತೊಟ್ಟ ಹಾಗಿತ್ತು, ಬಿಗಿಯಾಗಿ. ಹಾರನ್ನೋ ಹಾರನ್. ಅಂಕಲ್ ಅಂಗಡಿಗೆ ಪೈಪು ತಂದ ಟೆಂಪೊ ನಿಲ್ಲಿಸಲು ಜಾಗವಿಲ್ಲದೆ ಹಿಂದಿನ ಕ್ರಾಸಿನಲ್ಲಿ ನಿಂತಿತ್ತು. ಹುಡುಗರು ಪೈಪು ಹೊತ್ತು ತಂದರು. ಅಂಕಲ್ ಮುಖ ಕೆಂಪು.

ನನಗೆ ಹಳದಿ ಕೋಟು, ಕೈಯಲ್ಲೊಂದು ಬಾವುಟ, ಕೊರಳಲ್ಲಿ ಸೀಟಿ. ಸೀಟಿ! ಡ್ಯೂಟಿ ಬೆಳಿಗ್ಗೆ ಸ್ವಲ್ಪ, ಕಾಲೇಜಿನಿಂದ ಬಂದ ಮೇಲೆ ಸಂಜೆ ಸ್ವಲ್ಪ. ಜನರನ್ನು ದಾಟಿಸಬೇಕು. ನಾನು.

ಬೆಳಿಗ್ಗೆ ಬಾವುಟ ಹಿಡಿದು ಅಂಚಿನಲ್ಲೇ ನಿಂತಿದ್ದೆ. ಸ್ಕೂಲ್ ಮಕ್ಕಳು ತಾವೇ ದಾಟಿದರು. ಆಟೋ ಸ್ಟ್ಯಾಂಡಿನವರು “ಏನ್ ಗುರು, ಬಾವುಟ ಒಣಗ್ಸಕ್ಕೆ ಹಾಕಿದ್ದೀಯಾ?” ಅಂದರು.

ಸಂಜೆ ಅಜ್ಜಿ ಬಂದರು. ಒಳ್ಳೆ ಸೀರೆ. ಕೈಯಲ್ಲಿ ಮುಚ್ಚಿದ ಡಬ್ಬಿ.

“ನೀನೇ ಏನ್ಲಾ ದಾಟ್ಸೋನು?”

“ಹೂಂ ಅಜ್ಜಿ.”

“ನಡಿ ಮತ್ತೆ.”

ನಡೆಯಲಿಲ್ಲ. ಕಾಲು ಬರಲಿಲ್ಲ. ಅಜ್ಜಿ ನನ್ನ ಕೈ ಹಿಡಿದರು. ಹಿಡಿದವರೇ ಇಳಿದುಬಿಟ್ಟರು — “ಯಾವೋನ್ಲಾ ಅವ್ನು? ಕಣ್ ಕಾಣಾಕಿಲ್ವಾ? ನಿಲ್ಲುಸ್ಲಾ, ನಿಲ್ಲುಸು!” — ಅಂತ ಬೈಕಿನವನಿಗೆ ಬೈಯುತ್ತಾ. ಒಂದು ಸಾಲು. ಕಟ್ಟೆ. ನಿಂತೆವು. ಇನ್ನೊಂದು ಸಾಲು. ಆಚೆ ಬದಿ.

ಹಿಂತಿರುಗಿ ನೋಡಿದೆ. ನನ್ನ ಕಿಟಕಿ. ಬಸ್ಸಿನಿಂದಲ್ಲ, ನಿಂತು ನೋಡಿದೆ.

ಸೀಟಿ ಊದುವುದೇ ಮರೆತಿತ್ತು.

20 ನವೆಂಬರ್

ಒಬ್ಬನೇ ದಾಟಿದೆ. ಕೆಂಗೇರಿ ಬಸ್ಸನ್ನು ಕೆಂಗೇರಿ ಬದಿಯಲ್ಲೇ ಹತ್ತಿದೆ. ಜಂಬಣ್ಣ ಕಣ್ಣರಳಿಸಿ, “ಇವತ್ತ ಸೀಟ್ ಬ್ಯಾಡೇನು?” ಅಂದ. ಕಾಲೇಜಿನವರೆಗೆ ನಿಂತೇ ಹೋದೆ.

3 ಡಿಸೆಂಬರ್

ಬರೆಯಲು ಪುರುಸೊತ್ತೇ ಇರಲಿಲ್ಲ. ಈ ವಾಕ್ಯ ಬರೆಯಲು ಎಷ್ಟು ಖುಷಿ.

ದಿನಾ ಸಂಜೆ ಅಜ್ಜಿಯನ್ನು ದಾಟಿಸುತ್ತೇನೆ. ಆಟೋದವರು ದೂರದಿಂದಲೇ “ಬೋರಮ್ಮೋರು ಬಂದ್ರು, ನಿಲ್ರೋ” ಅಂತ ಕೈ ಅಡ್ಡ ಹಾಕುತ್ತಾರೆ. ಎಳನೀರಿನವನು ತನ್ನ ಗಾಡಿ ಒತ್ತರಿಸುತ್ತಾನೆ. ಅಂಗಡಿ ಎದುರಿಗೇ ಇದೆಯಲ್ಲ, ಅಂಕಲ್‌ಗೆ ಕೈ ಬೀಸೋಣ ಅಂತ ದಿನಾ ನೋಡುತ್ತೇನೆ. ಆ ಹೊತ್ತಿಗೆ ಯಾವಾಗಲೂ ಅಂಗಡಿಯ ಒಳಗೆ ಹೋಗಿರುತ್ತಾರೆ.

ಮುನಿತಾಯಮ್ಮಜ್ಜಿ ಹಿತ್ತಿಲಲ್ಲಿ ಚಾಪೆ ಹಾಸಿ ಕಾದಿರುತ್ತಾರೆ. ಅವರ ಮಗ ಸೊಸೆ ಕೆಲಸದಿಂದ ಬರುವುದು ಕತ್ತಲಾದ ಮೇಲೆ. ಮಧ್ಯೆ ದೊಡ್ಡ ಪಾತ್ರೆಯಲ್ಲಿ ನೆನೆಸಿದ ಅವರೆಕಾಳು. ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಹಿತುಕಿದರೆ ಬೇಳೆ ಚಿಮ್ಮಿ ಹೊರಗೆ ಬರುತ್ತದೆ, ಸಿಪ್ಪೆ ಬೆರಳಲ್ಲಿ ಉಳಿಯುತ್ತದೆ. ನನ್ನದು ಮೊದಲ ದಿನ ಗೋಡೆಗೆ ಹಾರಿತು.

“ಓದಿದ್ ಮಕ್ಳು ಕಣೇ ಬೋರಿ, ಬ್ಯಾಳೆ ಆರುಸ್ತವೆ,” ಅಂತ ಮುನಿತಾಯಮ್ಮಜ್ಜಿ.

“ನೀ ಮೊದ್ಲ್ ದಿನ ಅತ್ತೆ ಮಕಕ್ಕೇ ಆರ್ಸಿದ್ದೆ, ಮರ್ತ್‌ಬುಟ್ಯಾ?”

ಇಬ್ಬರೂ ಸೆರಗು ಬಾಯಿಗಿಟ್ಟು ನಕ್ಕರು, ಶಬ್ದ ಆಗದ ಹಾಗೆ. ಅವರ ಅತ್ತೆ ಸತ್ತು ಎಷ್ಟೋ ವರ್ಷವಾಗಿದೆ.

ಹೆಚ್ಚು ಮಾತೂ ಇಲ್ಲ. ಬೆರಳುಗಳು ಮಾತ್ರ. ನಾನೂ ಅವರ ನಡುವೆ ಕೂತಿರುತ್ತೇನೆ. ನೀನು ಯಾರು, ಇಲ್ಲಿ ಯಾಕೆ ಕೂತಿದ್ದೀಯ ಅಂತ ಇಬ್ಬರೂ ಕೇಳುವುದಿಲ್ಲ. ರೂಮಿಗೆ ಬಂದ ಮೇಲೂ ಬೆರಳಲ್ಲಿ ಅವರೆಯ ಸೊಗಡು. ಕೈ ತೊಳೆಯದೆ ಮಲಗಿದೆ.

14 ಡಿಸೆಂಬರ್, ಶುಕ್ರವಾರ

ಇವತ್ತು ಅಂಕಲ್ ನಮ್ಮನ್ನು ನೋಡಿದರು ಅನ್ನಿಸುತ್ತದೆ. ನಡುವಿನ ಕಟ್ಟೆಯ ಮೇಲೆ ನಿಂತಿದ್ದೆವು, ಅಜ್ಜಿ ಮತ್ತು ನಾನು. ಅಂಕಲ್ ಅಂಗಡಿಯ ಬಾಗಿಲಲ್ಲೇ ಇದ್ದರು. ಕೈ ಬೀಸಿದೆ. ತಟ್ಟನೆ ತಿರುಗಿ ಶಟರಿನ ಬೀಗ ಸರಿಮಾಡತೊಡಗಿದರು. ಇಲ್ಲ, ನೋಡಲಿಲ್ಲ ಅಂತ ಕಾಣುತ್ತದೆ.

ರಾತ್ರಿ ಅಂಕಲ್ ಒಂದು ಮೂಟೆ ಅವರೆಕಾಯಿ ತಂದು ಮೆಟ್ಟಿಲ ಕೆಳಗೆ ಹಾಕಿಸಿದರು. ಆಂಟಿ ಒಳಗಿಂದ: “ಇಷ್ಟೊಂದು ಯಾರ್ರೀ ತಿಂತಾರೆ? ನಾವಿರೋದೇ ನಾಲ್ಕ್ ಜನ!” ಅಂಕಲ್: “ಅಗ್ಗ ಇತ್ತು. ಅಮ್ಮ ಏನಾದ್ರೂ ಮಾಡ್ಕೊತಾಳೆ ಬಿಡು.”

30 ಡಿಸೆಂಬರ್, ಭಾನುವಾರ

ನೋಟಿಸು ಅಂಟಿಸಿದ್ದಾರೆ. ಮುಂದಿನ ಭಾನುವಾರ ಗಣೇಶನ ಗುಡಿಯ ಹಿಂದಿನ ಹಾಲ್‌ನಲ್ಲಿ ಸಭೆ. ಅಂಗಡಿಯವರೆಲ್ಲ ಸೇರಿ ಡ್ರಮ್ ತೆಗೆಸಬೇಕು ಅಂತ ಅರ್ಜಿ ಕೊಟ್ಟಿದ್ದಾರಂತೆ. ಮುಂದಾಳು ಮೋಹನ್ ಕುಮಾರ್ ಅಂಕಲ್. ಅವರದ್ದೂ ತಪ್ಪಿಲ್ಲ — ಟೆಂಪೊ ನಿಲ್ಲದಿದ್ದರೆ ಸಿಮೆಂಟು, ಪೈಪು ಕೊಳ್ಳುವವರು ಬೇರೆ ಕಡೆ ಹೋಗುತ್ತಾರೆ.

ಜಯದೇವಿ ಮಿಸ್: “ವಿಠ್ಠಲ, ನೀನು ಮಾತಾಡ್ಬೇಕು. ಆ ರೋಡಲ್ಲಿ ನಿಂತಿದ್ದವನು ನೀನು. ಎಕ್ಸಾಂಪಲ್ ಕೊಡು, ಜನಕ್ಕೆ ಎಕ್ಸಾಂಪಲ್ ಬೇಕು.”

ಡ್ರಮ್ ತೆಗೆದರೆ? ಮತ್ತೆ ಸುಂಕದಕಟ್ಟೆ. ಮತ್ತೆ ಟೆರೇಸ್. ಅಜ್ಜಿಗೂ ಅಷ್ಟೇ, ಟೆರೇಸ್.

ಕನ್ನಡಿ ಮುಂದೆ ಪ್ರಾಕ್ಟೀಸ್ ಮಾಡಿದೆ. “ಮಾನ್ಯರೇ” ಅಂದ ಕೂಡಲೇ ಮುಂದಿನ ಮಾತು ಮರೆಯುತ್ತದೆ.

6 ಜನವರಿ 2008, ಭಾನುವಾರ. ಸಂಜೆ

ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ಹಾಲ್ ತುಂಬಿತ್ತು. ಹೆಂಗಸರು ಕಡಿಮೆ. ಮುಂದೆ ಒಬ್ಬ ಆಫೀಸರ್, ಪಕ್ಕದಲ್ಲಿ ಮಿಸ್. ಅಂಕಲ್ ಎದ್ದು ನಿಂತರು. ಎಷ್ಟು ಚೆನ್ನಾಗಿ ಮಾತಾಡುತ್ತಾರೆ!

“ಸಾರ್, ನಮ್ಮಪ್ಪನ್ ಕಾಲದಲ್ಲಿ ಇದು ಗಾಡಿ ದಾರಿ. ರೋಡ್ ಅಗಲ ಮಾಡ್ತೀವಿ, ನಿಮ್ ಕೊಟ್ಟಿಗೆ ಬಿಡಿ ಅಂದ್ರಿ. ಬಿಟ್ವಿ. ಈಗ ಬಂದು ಅಗಲ ಜಾಸ್ತಿ ಆಯ್ತು ಅಂತೀರಾ? ಹಂಗಾದ್ರೆ ನಮ್ ಕೊಟ್ಟಿಗೆ ವಾಪಸ್ ಕೊಡಿ, ಹಸು ಕಟ್ಕೊತೀವಿ!”

ಚಪ್ಪಾಳೆ. ಆಫೀಸರೂ ನಕ್ಕರು. ಅಂಕಲ್‌ಗೆ ಹುರುಪು ಬಂತು.

“ಬಿಡಿ ಸಾರ್, ಅಂಗಡಿಯೋರದ್ದು ಬಿಡಿ. ಈ ಡ್ರಮ್ ಇಟ್ಟಿದ್ರಿಂದ ಈ ಏರಿಯಾದಲ್ಲಿ ಯಾರಿಗ್ ಉಪಯೋಗ ಆಗಿದೆ? ಒಬ್ರು! ಒಬ್ರ ಹೆಸರು ಹೇಳಿ. ನಾನು ಮುಚ್ಕೊಂಡ್ ಕೂತ್ಕೊತೀನಿ.”

ಪ್ರಶ್ನೆ. ಉತ್ತರ ಗೊತ್ತಿತ್ತು. ಕೈ ಎದ್ದಿತು.

“ನಿಮ್ಮ ತಾಯಿಗೆ ಅಂಕಲ್.”

ಎಲ್ಲರೂ ತಿರುಗಿದರು. ನಾನು ಇಡೀ ಜೀವನದಲ್ಲಿ ಇಷ್ಟು ಜನರ ಮುಂದೆ ಮಾತಾಡಿದವನಲ್ಲ. ಮಾತು ಮರೆಯಲಿಲ್ಲ. ಎಲ್ಲರೂ ಕೇಳುತ್ತಿದ್ದಾರೆ ಅನ್ನುವ ಖುಷಿಯಲ್ಲಿ ಮುಂದುವರಿಸಿದೆ. ಬೋರಮ್ಮಜ್ಜಿ ಮೂರು ವರ್ಷ ಈ ರಸ್ತೆ ದಾಟಿರಲಿಲ್ಲ, ಈಗ ದಿನಾ ಸಂಜೆ ಮುನಿತಾಯಮ್ಮಜ್ಜಿ ಮನೆಗೆ ಹೋಗುತ್ತಾರೆ, ಇಬ್ಬರೂ ಕೂತು ಅವರೆಕಾಳು ಹಿತುಕುತ್ತಾರೆ, ನಾನೇ ದಾಟಿಸುವುದು, ನಾನೂ ಹಿತುಕುತ್ತೇನೆ...

ಆಗ ಗೊತ್ತಾಯಿತು, ಫ್ಯಾನಿನ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಆಟೋ ಸ್ಟ್ಯಾಂಡಿನವನೊಬ್ಬ ತಲೆ ತಗ್ಗಿಸಿ, “ಅಯ್ಯೋ ಮಗಾ...” ಅಂದ, ತನಗೇ ಹೇಳಿಕೊಂಡ ಹಾಗೆ.

ಹಿಂದಿನ ಸಾಲಿನಿಂದ ಇನ್ನೊಂದು ದನಿ: “ಏನ್ ಮೋಹನಣ್ಣ, ಕೋರ್ಟಲ್ಲಿ ಕೇಸು, ಹಿತ್ಲಲ್ಲಿ ಅವರೆಕಾಳಾ?”

ನಗು. ಅದು ಬೇರೆ ಥರ ನಗು.

ಅಂಕಲ್ ಯಾರಿಗೂ ಏನೂ ಹೇಳಲಿಲ್ಲ. ಕೂತರು. ಹೇಳಿದ ಹಾಗೆಯೇ.

ಕೇಸು ಅಂದರೆ ಏನು ಅಂತ ಮಿಸ್ ಹೊರಗೆ ಬಂದ ಮೇಲೆ ಹೇಳಿದರು, ಅವರೂ ಆಗಲೇ ಯಾರಿಂದಲೋ ಕೇಳಿಕೊಂಡದ್ದು. ರಸ್ತೆಗೆ ಹೋದ ಕೊಟ್ಟಿಗೆ ಜಾಗದ ಪರಿಹಾರ ಯಾರಿಗೆ ಸೇರಬೇಕು ಅಂತ ಎರಡು ಮನೆಯ ಮಕ್ಕಳ ನಡುವೆ ಮೂರು ವರ್ಷದಿಂದ ಕೇಸು. ಮಾತಿಲ್ಲ, ಹೋಗುವುದು ಬರುವುದು ಇಲ್ಲ, ಸಾವು ನೋವಿಗೂ ಇಲ್ಲ.

ಅಜ್ಜಿ ರೋಡು ಅಂದರು. ರೋಡು ಅಂತಷ್ಟೇ ನಾನು ತಿಳಿದೆ.

7 ಜನವರಿ

ಕೆಳಗೆ ಅಂಕಲ್ ದನಿ. “ಊರೋರ್ ಮುಂದೆ ನನ್ ಮುಖಕ್ಕೆ... ಇಷ್ಟು ಜನ್ರ ಮುಂದೆ...” ಅಜ್ಜಿಯ ದನಿ ಇಲ್ಲವೇ ಇಲ್ಲ. ಮೆಟ್ಟಿಲ ಮೇಲೆ ಅರ್ಧಕ್ಕೆ ಇಳಿದು ವಾಪಸ್ ಬಂದೆ.

9 ಜನವರಿ

ಅಜ್ಜಿಯ ಮಗಳು ಲತಾ ಆಂಟಿ ಕೆಂಗೇರಿಯಿಂದ ಆಟೋದಲ್ಲಿ ಬಂದರು. ಅಜ್ಜಿಯನ್ನು ಕರೆದುಕೊಂಡು ಹೋದರು. “ಸ್ವಲ್ಪ್ ದಿನ ಇರ್ಲಿ ಬಿಡು ಅಣ್ಣ.” ಅಜ್ಜಿ ಆಟೋ ಹತ್ತುವ ಮುಂಚೆ ಮೇಲೆ ನೋಡಿದರು. ನನ್ನ ಕಿಟಕಿಯ ಕಡೆ.

ನಾನು ಪರದೆಯ ಹಿಂದಿದ್ದೆ.

ಸಾರಿ. ಇದನ್ನು ಮೊದಲ ಪುಟದಲ್ಲಿ ಬರೆದಾಗ ಯಾರಿಗೆ ಅಂತ ಗೊತ್ತಿರಲಿಲ್ಲ.

11 ಜನವರಿ, ಶುಕ್ರವಾರ

ಅಂಗಡಿಯವರ ಅರ್ಜಿಗೇ ಒಪ್ಪಿಗೆ ಸಿಕ್ಕಿತಂತೆ, ಡ್ರಮ್ ತೆಗೆದರು. ಲಾರಿಗೆ ಎಸೆಯುವಾಗ ಒಂದೊಂದೂ ಖಾಲಿ ಸದ್ದು ಮಾಡುತ್ತಿತ್ತು. ನಡುವಿನ ಕಟ್ಟೆಯನ್ನೂ ಒಡೆದರು. ಮತ್ತೆ ನಾಲ್ಕು ಸಾಲು. ಮಧ್ಯಾಹ್ನದ ಹೊತ್ತಿಗೆ ಅಂಗಡಿ ಮುಂದೆ ಟೆಂಪೊ. ಅಂಕಲ್ ಪೈಪು ಇಳಿಸುವುದನ್ನು ನೋಡುತ್ತಾ ನಿಂತಿದ್ದರು. ಗೆದ್ದವರ ಮುಖ ಹಾಗಿರುವುದಿಲ್ಲ.

ಹಳದಿ ಕೋಟು, ಬಾವುಟ ವಾಪಸ್ ಕೊಟ್ಟೆ. ಸೀಟಿ ಕೊರಳಲ್ಲೇ ಉಳಿದಿದೆ, ಮಿಸ್ ಕೇಳಲಿಲ್ಲ.

12 ಜನವರಿ

ಸುಂಕದಕಟ್ಟೆ. ಜಂಬಣ್ಣ ನೋಡಿದ. “ಮತ್ತ ಬಂದ್ಯಾ?” ಅಷ್ಟೇ. ಈ ಸಲ ನಗಲಿಲ್ಲ. ಪಕ್ಕದ ಸೀಟಿನಲ್ಲಿ ಸ್ವಲ್ಪ ಹೊತ್ತು ಕೂತು, ಎದ್ದು ಹೋದ.

ಬಸ್ಸು ತಿರುಗಿ ಬರುವಾಗ ಹಸಿರು ಮನೆ. ಮುನಿತಾಯಮ್ಮಜ್ಜಿ ಗೇಟಿನಲ್ಲಿ ನಿಂತಿದ್ದರು. ನಮ್ಮ ಟೆರೇಸನ್ನು ನೋಡುತ್ತಾ. ಅವರಿಗೆ ಯಾರು ಹೇಳಿರುತ್ತಾರೆ? ಆ ಮನೆಗೆ ಈ ಕಡೆಯಿಂದ ಹೋಗುತ್ತಿದ್ದವರು ಇಬ್ಬರೇ.

15 ಜನವರಿ, ಸಂಕ್ರಾಂತಿ

ಕಾಲೇಜು ರಜ. ಮೆಸ್ ರಜ. ಕೆಳಗಿನ ಮನೆಯವರು ಎಳ್ಳು ತಂದು ಕೊಡಲಿಲ್ಲ. ಕೊಡಬೇಕು ಅಂತಿಲ್ಲ.

ಸಂಜೆ ಕಿಟಕಿಯಿಂದ ನೋಡಿದೆ. ಎದುರು ಗೇಟಿನಲ್ಲಿ ಮತ್ತೆ ಮುನಿತಾಯಮ್ಮಜ್ಜಿ, ಕೈಯಲ್ಲಿ ತಟ್ಟೆ ಹಿಡಿದು. ಇವತ್ತಾದರೂ ಬೋರಮ್ಮಜ್ಜಿ ಬರುತ್ತಾರೆ ಅಂತ.

ಇಳಿದು ಹೋದೆ. ಅಂಚಿನಲ್ಲಿ ನಿಂತೆ. ಬಸ್ಸು. ಸುಮೊ. ಬಸ್ಸು. ಕಾಲು ಬರಲಿಲ್ಲ. ಕೊರಳಲ್ಲಿ ಸೀಟಿ ಇತ್ತು. ಬಾಯಿಗಿಟ್ಟೆ. ಊದಿದರೆ ಯಾರು ಕೇಳಬೇಕು, ಊದುವವನೂ ನಾನೇ. ಊದಲಿಲ್ಲ. ಆಟೋ ಸ್ಟ್ಯಾಂಡ್ ಖಾಲಿ. ಅಜ್ಜಿಯ ಹಾಗೆ “ಯಾವೋನ್ಲಾ ಅವ್ನು” ಅನ್ನುತ್ತಾ ಇಳಿದೆ. ಜೋರಾಗಿ ಅನ್ನಲಿಲ್ಲ. ಒಬ್ಬ ಬೈಕಿನವನು ನಿಜವಾಗಿ ನಿಧಾನ ಮಾಡಿದ, ಪಾಪ, ಬೈಸಿಕೊಂಡ. ಇನ್ನೊಬ್ಬ ನನಗೇ ಬೈದ. ದಾಟಿದೆ.

“ಬೋರಿ ಎಲ್ಲಿ?”

ಎಲ್ಲ ಹೇಳಿದೆ. ಸಭೆ, ಕೈ ಎತ್ತಿದ್ದು, ಅವರೆಕಾಳು. ಮುನಿತಾಯಮ್ಮಜ್ಜಿ ಕೇಳುತ್ತಾ ಎಳ್ಳಿನ ತಟ್ಟೆಯನ್ನು ಜಗಲಿಯ ಮೇಲಿಟ್ಟರು.

“ನಾನು ಹೇಳದೆ ಇದ್ದಿದ್ರೆ ಅಂಕಲ್‌ಗೆ ಗೊತ್ತೇ ಆಗ್ತಿರಲಿಲ್ಲ ಅಜ್ಜಿ.”

“ಅಯ್ ಪೆದ್ದೇ. ಅವ್ನಿಗ್ ಮೊದುಲ್ನೆ ದಿನವೇ ಗೊತ್ತಿತ್ತು ಕಣ್ಲಾ. ಅಂಗ್ಡಿ ಎದ್ರುಗೇ ದಾಟ್ತಿದ್ರಿ, ಅವ್ನೇನ್ ಕುಲ್ಡನಾ? ಅವ್ನ್ನ ಎತ್ತಾಡ್ಸಿದ್ದು ನಾನು. ಬೋರಿ ದಿನಾ ತತ್ತಿದ್ ಅವ್ರೆಕಾಯಿ, ಆ ಮೂಟೆ ಯಾರ್ ತಂದಿದ್ದು ಅನ್ಕೊಂಡೆ?”

“ಅಗ್ಗ ಇತ್ತು ಅಂದ್ರಲ್ಲ ಅಜ್ಜಿ...”

“ಗೊತ್ತಿದ್ರೂ ಗೊತ್ತಿಲ್ದಂಗಿದ್ದ. ನನ್ ಮಗ್ನೂ ಅಂಗೇ. ರೋಡ್‌ನೋರೆಲ್ಲಾ ಅಂಗೇ ಇದ್ರು. ನೀನು ಬಾಯ್‌ಬುಟ್ಟು ಏಳ್ಬುಟ್ಟೆ. ಜನ್ರ ಮುಂದೆ ಏಳುದ್ ಮ್ಯಾಲೆ ಅವ್ನಾದ್ರೂ ಏನ್ ಮಾಡಾನು?”

ಬೈದದ್ದಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎಳ್ಳು ನನ್ನ ಅಂಗೈಗೆ ಸುರಿದು, ಬೆರಳುಗಳನ್ನು ತಾವೇ ಮಡಚಿದರು. “ತಿನ್ನು.”

ಶಟರಿನ ಬೀಗ ನೆನಪಾಯಿತು. ಇಡೀ ರಸ್ತೆ ಒಂದು ಹಾಸ್ಟೆಲ್ ಹಾಗೆ ಅಂತ ಎಲ್ಲೋ ತಿಳಿದಿದ್ದೆ — ಕೇಳಿದ್ದಕ್ಕೆ ಉತ್ತರ ಕೊಟ್ಟರೆ ಟಿಕ್.

ಹೊರಡುವಾಗ ಕೇಳಿದರು: “ಕೆಂಗೇರಿ ಎಷ್ಟ್ ದೂರ?”

“ಈ ಬದಿಯಲ್ಲೇ ಬಸ್ಸು ನಿಲ್ಲುತ್ತೆ ಅಜ್ಜಿ. ದಾಟೋದೇ ಬೇಡ.”

“ಲತನ್ ಮನೆ ಎಲ್ಲಿ ಅಂತ ನಂಗ್ ಗೊತ್ತಿಲ್ಲ.” ತಟ್ಟೆ ಎತ್ತಿಕೊಂಡರು. “ಯಾರ್‌ನ್ ಕೇಳಾನ...”

18 ಜನವರಿ, ಶುಕ್ರವಾರ

ಬಾಗಿಲು ಬಡಿತ. ಅಂಕಲ್. ರೂಮ್ ಖಾಲಿ ಮಾಡು ಅನ್ನುತ್ತಾರೆ ಅಂತ ಕಾಯುತ್ತಾ ನಿಂತೆ. ಒಳಗೆ ಬಂದು ನಲ್ಲಿ ತಿರುಗಿಸಿ ನೋಡಿದರು.

“ವಾಷರ್ ಹೋಗಿದೆ. ಹುಡುಗನ್ನ ಕಳಿಸ್ತೀನಿ.”

“ಸಾರಿ ಅಂಕಲ್. ಅವತ್ತು ನಾನು—”

“ಅವತ್ತಿಂದ್ ಬಿಡು.” ನಲ್ಲಿಯನ್ನೇ ನೋಡುತ್ತಾ, “ಅಮ್ಮ ಅಲ್ಲಿ ಸರಿಯಾಗಿ ಊಟ ಮಾಡ್ತಿಲ್ವಂತೆ. ಲತಾ ಫೋನ್ ಮಾಡಿದ್ಲು.”

ನಲ್ಲಿ ಮುಚ್ಚಿ ಕೈ ಒರೆಸಿಕೊಂಡರು.

“ಕೆಂಗೇರಿ ಬಸ್‌ಸ್ಟ್ಯಾಂಡ್ ಹಿಂದೆ, ರೇಷನ್ ಅಂಗಡಿ ಮೇಲ್ಗಡೆ ಮನೆ. ನಿಂಗೂ ಕಾಲೇಜು ಆ ಕಡೆನೇ ಅಲ್ವಾ? ಲತಾ ನಂಬರ್ ಇರ್ಲಿ, ಬರ್ಕೊ.” ಹೇಳಿದರು. ಬರೆದುಕೊಂಡೆ. ಬಾಗಿಲಿಗೆ ಹೋಗಿ ನಿಂತರು. “ಭಾನುವಾರ ಮನೇಲೇ ಇರ್ತಾರೆ. ಹೋಗೋರು ಹೋಗ್ಬೋದು. ಯಾರ್ ಹೋದ್ರು ಯಾರ್ ಬಂದ್ರು ಅಂತ ನನಗೇನೂ ಹೇಳಕ್ ಬರ್ಬೇಡ.”

ಪ್ರಶ್ನೆಯಲ್ಲ. ಆದರೂ ಬಾಯಿಯ ತುದಿಗೆ ಬಂದಿತ್ತು — ಅಂಕಲ್, ಮುನಿತಾಯಮ್ಮಜ್ಜಿ ಕೂಡ...

ನುಂಗಿಕೊಂಡೆ.

“ಸರಿ ಅಂಕಲ್. ನಲ್ಲಿ ಹುಡುಗ ಯಾವಾಗ ಬರ್ತಾನೆ?”

ಅಂಕಲ್ ಮೊದಲ ಸಲ ನನ್ನ ಮುಖ ನೋಡಿದರು. “ಬರ್ತಾನೆ,” ಅಂದು ಇಳಿದು ಹೋದರು. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ಏನೋ ಎತ್ತಿಟ್ಟ ಸದ್ದು. ನೋಡಿದರೆ ಒಂದು ಚೀಲ ಅವರೆಕಾಯಿ.

19 ಜನವರಿ, ಶನಿವಾರ. ಸಂಜೆ

ದಾಟಿ ಹೋಗಿ ಮುನಿತಾಯಮ್ಮಜ್ಜಿಗೆ ಹೇಳಿ ಬಂದೆ. ಇವತ್ತೂ ಅಂಚಿನಲ್ಲಿ ನಿಂತು ಮೂರು ಬಸ್ಸು ಹೋಗಲು ಬಿಟ್ಟೆ. “ಯಾವ್ ಸೀರೆ ಉಡ್ಲಿ?” ಅಂದರು.

ಈಗ ಲತಾ ಆಂಟಿಗೆ ಎಸ್ಸೆಮ್ಮೆಸ್. ಮೊದಲು ಇಲ್ಲಿ ಬರೆದು ನೋಡುತ್ತೇನೆ, ಆಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಟೈಪ್. ಜಾಸ್ತಿ ಹೇಳಬಾರದು. ಹೇಳದೆಯೂ ಇರಬಾರದು...

“ಲತಾ ಆಂಟಿ, ನಾನು ವಿಠ್ಠಲ, ನಿಮ್ಮ ಅಣ್ಣನ ಮನೆ ಮೇಲಿನ ರೂಮಿನ ಹುಡುಗ. ನಾಳೆ ಅಜ್ಜಿಯನ್ನು ನೋಡಲು ಬರಬಹುದಾ? ಒಬ್ಬನೇ ಅಲ್ಲ. ಜೊತೆಗೆ ಯಾರು ಅಂತ ಕೇಳಬೇಡಿ. ಅಜ್ಜಿಗೂ ಹೇಳಬೇಡಿ, ರಾತ್ರಿ ಅವರೆಕಾಳು ನೆನೆಸಿಡಲು ಮಾತ್ರ ಹೇಳಿ. ಉಳಿದ ಅವರೆಕಾಯಿ ನಾವು ತರುತ್ತೇವೆ. ಬೆಳಿಗ್ಗೆ ಬಸ್ಸಿಗೆ ಹೊರಡಬೇಕು, ದಯವಿಟ್ಟು ಬೇಗ ರಿಪ್ಲೈ ಮಾಡಿ.”